ಬೀರು ತೆಗೆದು ಶುರು ಮಾಡಿ: ಕ್ವೀರ್ ಗುರುತನ್ನು ಉಡುಗೆಯಲ್ಲಿ ತರುವುದು ಹೇಗೆ?

ಇಪ್ಪತ್ತರ ಹರೆಯದವರಿಗೆ ಬಟ್ಟೆ ಬಗ್ಗೆ ಯಾರ ಸಲಹೆಯೂ ಬೇಕಿಲ್ಲ. ಅವರನ್ನು ನೋಡಿ ನಾವೇ ಕಲಿಯಬೇಕು. ಈ ಬರಹ ಮೂವತ್ತು, ನಲವತ್ತು ದಾಟಿದವರಿಗೆ. ತಾನು ಯಾರು ಅಂತ ತನಗೆ ಗೊತ್ತಾಗಿ ವರ್ಷಗಳಾಗಿವೆ, ಹತ್ತಿರದ ಒಂದಿಬ್ಬರಿಗೆ ಹೇಳಿಯೂ ಆಗಿದೆ. ಆದರೆ ಬೀರು ತೆಗೆದರೆ ಅಮ್ಮ ಆರಿಸಿದ ಚೂಡಿದಾರಗಳೋ, ಆಫೀಸಿನ ತಿಳಿನೀಲಿ ಶರ್ಟುಗಳೋ ಸಾಲಾಗಿ ನೇತಾಡುತ್ತಿರುತ್ತವೆ. ಅಂಥವರಿಗೆ.

ಕ್ವೀರ್ ಮಂದಿಗೆ, ಅಂದರೆ ಲಿಂಗತ್ವದಲ್ಲೋ ಲೈಂಗಿಕತೆಯಲ್ಲೋ ಬಹುಪಾಲು ಜನರಿಗಿಂತ ಬೇರೆಯಾಗಿರುವವರಿಗೆ, ಯೂನಿಫಾರ್ಮ್ ಅಂತ ಒಂದಿಲ್ಲ. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಲೆಸ್ಬಿಯನ್ ಕೂಡ ಪೂರ್ತಿ ಲೆಸ್ಬಿಯನ್ನೇ. ಚೆಕ್ಸ್ ಶರ್ಟು, ಫಾರ್ಮಲ್ ಪ್ಯಾಂಟು ಹಾಕಿದ ಗೇ ಗಂಡಸೂ ಅಷ್ಟೇ. ನಿಮಗೆ ಈಗಿನ ಬಟ್ಟೆಯೇ ಹಿತವಾಗಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ಕಾಫಿ ಕುಡಿಯಿರಿ. ಕನ್ನಡಿ ಮುಂದೆ ನಿಂತಾಗ ಬೇರೆ ಯಾರನ್ನೋ ನೋಡಿದ ಹಾಗೆ ಆಗುತ್ತದೆ ಅನ್ನುವವರು ಮುಂದೆ ಓದಿ.

ಹೆಚ್ಚಿನವರು ಕ್ವೀರ್ ಸಮುದಾಯದ ಸಂಕೇತವಾದ ಕಾಮನಬಿಲ್ಲಿನ ಬ್ಯಾಡ್ಜ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕು. ಮೊದಲು ಬರಬೇಕಾದದ್ದು ಅಳತೆ ಟೇಪು.

1. ಯಾರಿಗೆ ಕಾಣಬೇಕು ಅಂತ ತೀರ್ಮಾನಿಸಿ

ಇದೊಂದು ಪ್ರಶ್ನೆ ಇತ್ಯರ್ಥವಾದರೆ ಉಳಿದ ಅರ್ಧ ತಲೆನೋವು ಕಡಿಮೆ. ನನಗೆ ಮಾತ್ರ ಗೊತ್ತಿದ್ದರೆ ಸಾಕಾ? ನಮ್ಮವರಿಗೆ ಮಾತ್ರ ಗೊತ್ತಾದರೆ ಸಾಕಾ? ಅಥವಾ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಎಲ್ಲರಿಗೂ ಗೊತ್ತಾಗಲಿ ಅನ್ನಿಸುತ್ತಾ?

ಮೂರಕ್ಕೂ ಬೇರೆ ಬೇರೆ ದಾರಿ ಇದೆ. ತನಗೆ ಮಾತ್ರ ಅಂದರೆ ಒಳಉಡುಪು, ಶೂ ಒಳಗಿನ ಕಾಲುಗುರಿನ ಬಣ್ಣ, ಮೈಗೆ ತಾಗುವ ಬಟ್ಟೆಯ ನುಣುಪು, ಸೆಂಟು. ನಮ್ಮವರಿಗೆ ಅಂದರೆ ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳುವ ಸಣ್ಣ ಗುರುತುಗಳು. ಎಲ್ಲರಿಗೂ ಅಂದರೆ ಕೂದಲು, ಬಟ್ಟೆಯ ಆಕಾರ, ಒಡವೆ.

ಒಂದೇ ಉತ್ತರ ಎಲ್ಲ ದಿನಕ್ಕೂ ಬೇಕಾಗಿಲ್ಲ. ಸೋಮವಾರ ಆಫೀಸಿಗೆ ಒಂದು, ಶನಿವಾರ ಸಂಜೆಗೆ ಇನ್ನೊಂದು, ಊರಿನ ಜಾತ್ರೆಗೆ ಮತ್ತೊಂದು ಇರಬಹುದು. ಇದನ್ನು ಸುಳ್ಳು ಬದುಕು ಅಂತ ಹೀಯಾಳಿಸುವವರಿದ್ದಾರೆ. ಬಾಡಿಗೆ ಮನೆ, ಕೆಲಸ, ವಯಸ್ಸಾದ ಅಪ್ಪ ಅಮ್ಮ ಇವೆಲ್ಲ ಇರುವವರಿಗೆ ಲೆಕ್ಕಾಚಾರ ಇದ್ದೇ ಇರುತ್ತದೆ. ಅವರ ಮಾತು ತಲೆಗೆ ಹಾಕಿಕೊಳ್ಳಬೇಡಿ.

2. ಬೀರು ಖಾಲಿ ಮಾಡಿ

ಒಂದು ಭಾನುವಾರ ಎಲ್ಲ ಬಟ್ಟೆಯನ್ನೂ ಮಂಚದ ಮೇಲೆ ಸುರಿಯಿರಿ. ಒಂದೊಂದನ್ನೇ ಹಾಕಿ ನೋಡಿ. ಅಂದಾಜಿನಲ್ಲಿ ವಿಂಗಡಿಸಿದರೆ ಪ್ರಯೋಜನವಿಲ್ಲ. ಹಾಕಿದಾಗ ಭುಜ ತಾನಾಗಿ ಹಿಂದಕ್ಕೆ ಹೋಗುತ್ತದಾ, ಮುದುಡುತ್ತದಾ ಅಂತ ಗಮನಿಸಿ. ಮನಸ್ಸು ಸುಳ್ಳು ಹೇಳಬಹುದು, ಭುಜ ಹೇಳುವುದಿಲ್ಲ.

ಇಷ್ಟವಾದದ್ದರ ಫೋಟೋ ತೆಗೆದಿಡಿ. ಆಮೇಲೆ ಆ ಫೋಟೋಗಳನ್ನು ಒಟ್ಟಿಗೆ ನೋಡಿದರೆ ಏನೋ ಒಂದು ಹೊಳೆಯುತ್ತದೆ. ಎಲ್ಲದರಲ್ಲೂ ಕಾಲರ್ ಇದೆ, ಅಥವಾ ಎಲ್ಲವೂ ಜೋಲುವ ಬಟ್ಟೆ, ಅಥವಾ ಎಲ್ಲದಕ್ಕೂ ಜೇಬಿದೆ. ನಿಮ್ಮ ಶೈಲಿ ಅದೇ, ಈಗಾಗಲೇ ಮನೆಯಲ್ಲಿದೆ. ಹೊಸದನ್ನು ಕೊಳ್ಳುವ ಮುಂಚೆ ಇದ್ದದ್ದನ್ನೇ ಆಲ್ಟರೇಷನ್‌ಗೆ ಕೊಡಿ, ಖರ್ಚು ಕಡಿಮೆ.

3. ಒಳ್ಳೆ ಟೈಲರ್ ಹುಡುಕಿ

ನಮ್ಮ ಊರುಗಳಲ್ಲಿ ಇನ್ನೂ ಬೀದಿಗೊಬ್ಬ ಟೈಲರ್ ಇದ್ದಾರೆ. ಇದು ದೊಡ್ಡ ಭಾಗ್ಯ. ರೆಡಿಮೇಡ್ ಅಂಗಡಿಗಳು ಗಂಡಸಿನ ಮೈ ಒಂದು, ಹೆಂಗಸಿನ ಮೈ ಇನ್ನೊಂದು ಅಂತ ಮೊದಲೇ ತೀರ್ಮಾನಿಸಿ ಹೊಲಿಸಿರುತ್ತವೆ. ಟೈಲರ್ ಹಾಗಲ್ಲ. ಎದುರಿಗೆ ನಿಂತವರ ಅಳತೆ ತೆಗೆದುಕೊಳ್ಳುತ್ತಾರೆ.

ನಾನು ಹೋಗುವುದು ಬಸವನಗುಡಿಯ ಒಂದು ಸಣ್ಣ ಅಂಗಡಿಗೆ. ಗಂಡಸರ ಶರ್ಟ್ ಹೊಲಿಸಬೇಕು ಅಂದಾಗ, "ಯಜಮಾನ್ರನ್ನ ಕರ್ಕೊಂಡು ಬನ್ನಿ ಮೇಡಂ, ಅಳತೆ ತಗೋಬೇಕಲ್ಲ" ಅಂದರು. "ನನಗೇ" ಅಂದೆ. ಟೇಪು ಹಿಡಿದ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೇಳಿದ್ದು, "ಜೇಬು ಒಂದಾ, ಎರಡಾ?" ಎಲ್ಲ ಟೈಲರುಗಳೂ ಇಷ್ಟು ಸಲೀಸಾಗಿರುವುದಿಲ್ಲ. ಆದರೆ ಕಾರಣ ವಿವರಿಸದೆ ಅಳತೆ, ಕಟಿಂಗ್ ಬಗ್ಗೆ ಮಾತ್ರ ಮಾತಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೋಗುವಾಗ ನಿಮಗೆ ಚೆನ್ನಾಗಿ ಕೂರುವ ಒಂದು ಹಳೆ ಬಟ್ಟೆ ತೆಗೆದುಕೊಂಡು ಹೋಗಿ. ಸಾವಿರ ಮಾತಿಗಿಂತ ಸ್ಯಾಂಪಲ್ ವಾಸಿ.

ಹೆಣ್ಣು ಮೈಗೆ ಗಂಡಸರ ಕಟ್ ಬೇಕಾದವರು ಇದನ್ನು ಗಮನಿಸಿ. ರೆಡಿಮೇಡ್ ಗಂಡಸರ ಶರ್ಟನ್ನು ಎದೆಯ ಅಳತೆಗೆ ಕೊಂಡರೆ ಭುಜ ಜೋತು ಬೀಳುತ್ತದೆ. ಭುಜಕ್ಕೆ ಸರಿಯಾಗಿ ಕೊಂಡರೆ ಎದೆಯ ಗುಂಡಿ ಬಿಚ್ಚಿಕೊಳ್ಳುತ್ತದೆ, ಸೊಂಟದ ಕೆಳಗೆ ಬಿಗಿಯುತ್ತದೆ. ಹೊಲಿಸುವಾಗ ಹೀಗೆ ಹೇಳಿ: ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ನಿಲ್ಲಬೇಕು. ಡಾರ್ಟ್ (ಮೈಯ ಉಬ್ಬಿಗೆ ಹೊಂದಲು ಮಡಚಿ ಹಾಕುವ ಹೊಲಿಗೆ) ಬೇಡ. ಎದೆಗೂ ಸೀಟಿಗೂ ನಾಲ್ಕು ಇಂಚು ಲೂಸ್ ಇರಲಿ. ಬದಿಯ ಹೊಲಿಗೆ ನೇರ ಬರಲಿ, ಸೊಂಟದ ಹತ್ತಿರ ಒಳಕ್ಕೆ ತಿರುಗುವುದು ಬೇಡ. ಎದೆ ಎತ್ತರವಿರುವ ಜಾಗದಲ್ಲಿ ಎರಡು ಗುಂಡಿಗಳ ನಡುವೆ ಒಳಗಿನಿಂದ ಒಂದು ಪ್ರೆಸ್ ಬಟನ್. ಕೆಳ ಅಂಚು ನೇರವಾಗಿ, ಬದಿಯಲ್ಲಿ ಚಿಕ್ಕ ಸೀಳು. ಗುಂಡಿ ಬಲಗಡೆ. ಹೆಂಗಸರ ಶರ್ಟಿನಲ್ಲಿ ಎಡಗಡೆ ಇರುತ್ತದೆ, ಯಾರೂ ನೋಡುವುದಿಲ್ಲ, ಆದರೆ ಬೆಳಗ್ಗೆ ಗುಂಡಿ ಹಾಕುವ ಕೈಗೆ ಗೊತ್ತಾಗುತ್ತದೆ. ಅರ್ಧ ತೋಳಾದರೆ ಮೊಣಕೈ ಹತ್ತಿರದವರೆಗೆ ಬರಲಿ, ಅಗಲವಾಗಿರಲಿ. ಬಟ್ಟೆ ಸ್ವಲ್ಪ ದಪ್ಪ ಇದ್ದರೆ ಮೈಯ ಆಕಾರಕ್ಕೆ ಅಂಟುವುದಿಲ್ಲ. ತುಂಬು ತೋಳಿನ ಶರ್ಟಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ 1.6 ಮೀಟರ್, 36 ಇಂಚಿನದಾದರೆ ಎರಡೂವರೆ ಮೀಟರ್ ಬೇಕಾಗುತ್ತದೆ.

ಪ್ಯಾಂಟಿಗೆ ಸೂತ್ರ ಒಂದೇ. ಸೀಟಿನ ಅತಿ ಅಗಲದ ಜಾಗದಿಂದ ಬಟ್ಟೆ ನೇರ ಕೆಳಗೆ ಬೀಳಬೇಕು, ತೊಡೆಯಲ್ಲಿ ಕಚ್ಚಬಾರದು. ಜೇಬು ಆಳವಾಗಿರಲಿ. ಫೋನ್ ಪೂರ್ತಿ ಮುಳುಗುವ ಜೇಬಿನ ಸುಖ ಗಂಡಸರಿಗೆ ಗೊತ್ತೇ ಇಲ್ಲ, ಹುಟ್ಟಿದಾಗಿನಿಂದ ಇದೆಯಲ್ಲ!

ಗಂಡು ಮೈಗೆ ಮೆದುವಾದ, ಹೆಣ್ಣಿನ ಕಡೆ ವಾಲುವ ಉಡುಗೆ ಬೇಕಾದವರ ಕಷ್ಟ ಬೇರೆ. ಅಂಗಡಿಯ ಕುರ್ತಿ ಕಂಕುಳಲ್ಲಿ ಕಚ್ಚುತ್ತದೆ, ಎದೆಯ ಡಾರ್ಟ್ ಖಾಲಿ ನಿಲ್ಲುತ್ತದೆ. ಡಾರ್ಟ್ ಇಲ್ಲದ ನೇರ ಕಟ್ ಅಥವಾ ಎ-ಲೈನ್ ಆರಿಸಿ, ಭುಜದ ಅಳತೆ ಮೊದಲು ನೋಡಿ, ಬೇಕಾದರೆ ಎರಡು ಸೈಜ್ ಮೇಲಕ್ಕೆ ಹೋಗಿ, ಆಮೇಲೆ ಸೊಂಟದಲ್ಲಿ ಹಿಡಿಸಿ. ರೇಯಾನ್, ಕ್ರೇಪ್, ಮಲ್ ಕಾಟನ್ ಹೀಗೆ ಇಳಿಬೀಳುವ ಬಟ್ಟೆ ಸಾಕು, ಮಾಮೂಲಿ ಶರ್ಟೇ ಬೇರೆ ತರ ಕಾಣುತ್ತದೆ. ಅಗಲ ಭುಜದವರಿಗೆ ವಿ ನೆಕ್, ಮೊಣಕೈವರೆಗಿನ ತೋಳು ಒಪ್ಪುತ್ತದೆ. ಪಫ್ ತೋಳು ಬೇಡ. ಹೆಂಗಸರ ಚಪ್ಪಲಿ ಹೆಚ್ಚಿನ ಅಂಗಡಿಗಳಲ್ಲಿ 8ಕ್ಕೇ ನಿಂತುಹೋಗುತ್ತದೆ. ಅದಕ್ಕಿಂತ ದೊಡ್ಡ ಕಾಲಿನವರಿಗೆ ಕೊಲ್ಹಾಪುರಿ ಒಳ್ಳೆಯದು, ಗಂಡಸರ ಸೈಜಿನಲ್ಲೂ ಸಿಗುತ್ತದೆ, ಸೀರೆಗೂ ಸರಿ, ಪಂಚೆಗೂ ಸರಿ.

ಇನ್ನು ಎದೆ ಚಪ್ಪಟೆಯಾಗಿಸಲು ಬೈಂಡರ್ ಬಳಸುವವರಿಗೆ. ಕ್ರೇಪ್ ಬ್ಯಾಂಡೇಜ್, ಪ್ಲಾಸ್ಟರ್, ಪ್ಯಾಕಿಂಗ್ ಟೇಪ್ ಸುತ್ತಿಕೊಳ್ಳಲೇಬೇಡಿ. ಉಸಿರಾಡಿದ ಹಾಗೆಲ್ಲ ಬಿಗಿಯುತ್ತಾ ಹೋಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಅಳತೆಗೆ ಸರಿಯಾದ ಬೈಂಡರನ್ನೇ ಕೊಳ್ಳಿ. ಚಿಕ್ಕ ಸೈಜ್ ತೆಗೆದುಕೊಂಡರೆ ಜಾಸ್ತಿ ಚಪ್ಪಟೆಯಾಗುತ್ತದೆ ಅನ್ನೋದು ತಪ್ಪು. ಒಂದು ಸಲಕ್ಕೆ 8 ಗಂಟೆ ಮೀರಬಾರದು. ಮಲಗುವಾಗ, ವ್ಯಾಯಾಮ ಮಾಡುವಾಗ ತೆಗೆದುಬಿಡಿ. ನೋವು ಬಂದರೆ, ಉಸಿರು ಕಟ್ಟಿದರೆ ಆಗಲೇ ತೆಗೆಯಿರಿ. ಮಂಗಳೂರು, ರಾಯಚೂರಿನ ಸೆಕೆಯಲ್ಲಿ ಬೈಂಡರ್ ಒಂದು ಶಿಕ್ಷೆಯೇ. ಅಲ್ಲಿ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಮೇಲೊಂದು ಗಾಢ ಬಣ್ಣದ ಲೂಸ್ ಶರ್ಟ್ ಹೆಚ್ಚು ಹಿತ.

4. ನಮ್ಮ ಬಟ್ಟೆಗಳನ್ನೇ ತಿರುಗಿಸಿ ನೋಡಿ

ಪಿಂಟರೆಸ್ಟ್ ತೆಗೆದು ನೋಡಿದರೆ ಸಿಗುವುದು ಡೆನಿಮ್ ಜಾಕೆಟ್, ಬೂಟು, ಬೀನಿ ಟೋಪಿ. ಬಳ್ಳಾರಿಯ ಮೇ ತಿಂಗಳಲ್ಲಿ ಯಾರು ಹಾಕುತ್ತಾರೆ? ನಮ್ಮಲ್ಲಿ ಬೇರೆ ಸಾಮಾನು ಬೇಕಾದಷ್ಟಿದೆ.

ಗುಳೇದಗುಡ್ಡದ ಖಣವನ್ನೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದ ಹೆಂಗಸರ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ ಅದು. ಉಡಿ ತುಂಬುವಾಗ ಕೊಡುವುದೂ ಅದನ್ನೇ. ಆ ಬಟ್ಟೆಯಲ್ಲಿ ಗಂಡಸರ ಅರ್ಧ ತೋಳಿನ ಶರ್ಟ್ ಹೊಲಿಸಿದರೆ ಹುಬ್ಬಳ್ಳಿಯ ಯಾವ ಅಜ್ಜಿಯಾದರೂ ಒಂದು ಸಲ ತಿರುಗಿ ನೋಡುತ್ತಾಳೆ. ಗಂಡಸು ಹಾಕಿದರೆ ಒಂದು ಅರ್ಥ, ಗಂಡಸರ ಕಟ್‌ನಲ್ಲಿ ಹೆಂಗಸು ಹಾಕಿದರೆ ಇನ್ನೊಂದು. ಹಳೆ ಮಾದರಿಯ ಖಣಕ್ಕೆ ಪನ್ನ ಕಡಿಮೆ, ಹಾಗಾಗಿ ಕೊಳ್ಳುವ ಮುಂಚೆ ಅಗಲ ಕೇಳಿಕೊಳ್ಳಿ. ಸಾಲದೇ ಹೋದರೆ ಮುಂಭಾಗದ ಎರಡು ಪಟ್ಟಿ ಮಾತ್ರ ಖಣ, ಬೆನ್ನು ಮತ್ತು ತೋಳು ಅದೇ ಬಣ್ಣದ ಕಾಟನ್ ಮಾಡಿಸಿ. ಒಳಗೆ ತೆಳು ಕಾಟನ್ ಲೈನಿಂಗ್ ಕೊಡಿಸಿ, ಇಲ್ಲದಿದ್ದರೆ ಚುಚ್ಚುತ್ತದೆ. ಮೊದಲ ಒಗೆತ ಬೇರೆಯಾಗಿ, ತಣ್ಣೀರಲ್ಲಿ.

ಅಮ್ಮನ ಹಳೆ ಇಳಕಲ್ ಸೀರೆ ಹರಿದಿದ್ದರೆ ಬಿಸಾಡಬೇಡಿ. ಅದರ ಕೆಂಪು-ಬಿಳಿ ಸೆರಗನ್ನು ಗಂಡಸರು ಶಲ್ಯವಾಗಿ ಹೊದೆಯಬಹುದು. ಧಾರವಾಡದ ಕಸೂತಿಯನ್ನು ಶರ್ಟಿನ ಕಾಲರ್ ತುದಿಗೆ, ಕಫ್‌ಗೆ ಹಾಕಿಸಬಹುದು, ನೂಲಿನ ಬಣ್ಣ ನಿಮ್ಮಿಷ್ಟ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೀರೆ ಬಗ್ಗೆ ಹೆದರಿಕೆ ಜಾಸ್ತಿ. ನಿಜಕ್ಕೂ ಅಷ್ಟು ಉದಾರವಾದ ಬಟ್ಟೆ ಇನ್ನೊಂದಿಲ್ಲ. ಐದೂವರೆ ಮೀಟರಿಗೆ ಸೈಜೇ ಇಲ್ಲ, ಯಾವ ಮೈಗಾದರೂ ಬರುತ್ತದೆ. ಕುಪ್ಪಸದ ಬದಲು ಶರ್ಟ್ ಹಾಕಿ ಉಡಿ. ಕಚ್ಚೆ ಹಾಕಿ ಉಡಿ, ನಮ್ಮ ಅಜ್ಜಿಯಂದಿರು ಹೊಲದಲ್ಲಿ ಉಟ್ಟದ್ದು ಹಾಗೆಯೇ, ನಡಿಗೆಯೇ ಬದಲಾಗುತ್ತದೆ. ಕರಾವಳಿಯವರಾದರೆ ಯಕ್ಷಗಾನದ ಸ್ತ್ರೀವೇಷಧಾರಿಗಳು ಪರಿಚಯದಲ್ಲಿ ಇದ್ದೇ ಇರುತ್ತಾರೆ. ಗಂಡು ಮೈ ಮೇಲೆ ಸೀರೆ ಹೇಗೆ ನಿಲ್ಲಬೇಕು ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಯೂಟ್ಯೂಬ್ ಚಾನೆಲ್‌ಗೂ ಗೊತ್ತಿಲ್ಲ.

2021ರ ನವೆಂಬರ್‌ನಲ್ಲಿ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯಲು ಹೋದಾಗ, ರಾಷ್ಟ್ರಪತಿಯ ಮುಂದೆ ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಆ ವಿಡಿಯೋ ಸಿಕ್ಕರೆ ನೋಡಿ. ಸೆರಗಿನ ತುದಿ ಎರಡು ಕೈಯಲ್ಲೂ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ಗಮನಿಸಿ. ಆ ಸಲೀಸು ಉಟ್ಟು ಉಟ್ಟು ಬರುವಂಥದ್ದು. ಹಾಗಾಗಿ ಹೊರಗೆ ಹೋಗುವ ಮುಂಚೆ ಹೊಸ ಬಟ್ಟೆಯಲ್ಲಿ ಮನೆಯಲ್ಲೇ ಅಡುಗೆ ಮಾಡಿ, ಮೆಟ್ಟಿಲು ಹತ್ತಿ, ಚಕ್ಕಂಬಕ್ಕಳ ಹಾಕಿ ಕೂತು ನೋಡಿ. ಆದರೆ ಜೋಗಪ್ಪ, ಜೋಗತಿಯರ ಮುತ್ತಿನ ಸರವನ್ನು ಫ್ಯಾಷನ್ ಅಂತ ಕೊರಳಿಗೆ ಹಾಕಿಕೊಳ್ಳಬೇಡಿ. ಎಲ್ಲಮ್ಮನ ಹೆಸರಲ್ಲಿ ಕಟ್ಟಿಸಿಕೊಂಡವರಿಗೆ ಅದೊಂದು ಇಡೀ ಬದುಕು.

5. ಕೂದಲು

ಬಟ್ಟೆ ಬದಲಿಸಬಹುದು, ಕೂದಲು ಎಲ್ಲ ಕಡೆಗೂ ನಮ್ಮ ಜೊತೆಗೇ ಬರುತ್ತದೆ. ಒಂದೇ ಸಲಕ್ಕೆ ಬೋಳಿಸುವ ಬದಲು ಹಂತ ಹಂತವಾಗಿ ಇಳಿಸಿ. ಮೊದಲು ಭುಜದವರೆಗೆ, ಆಮೇಲೆ ಕಿವಿಯವರೆಗೆ, ಆಮೇಲೆ ಸೈಡ್ ಮೆಷಿನ್. ಮನೆಯವರ ಕಣ್ಣೂ ಜೊತೆಜೊತೆಗೇ ಒಗ್ಗಿಕೊಳ್ಳುತ್ತದೆ.

ಬ್ಯೂಟಿ ಪಾರ್ಲರಿನಲ್ಲಿ ಶಾರ್ಟ್ ಕಟ್ ಕೇಳಿದರೆ ಎಷ್ಟು ಹೇಳಿದರೂ ಕೆನ್ನೆ ಪಕ್ಕ ಎರಡು ಎಳೆ ಬಿಟ್ಟೇ ಬಿಡುತ್ತಾರೆ. ಗಂಡಸರ ಕಟಿಂಗ್ ಶಾಪಿಗೇ ಹೋಗಿ. ವಾರದ ದಿನ ಮಧ್ಯಾಹ್ನ ಖಾಲಿ ಇರುತ್ತದೆ. ಮಂಗಳವಾರ ಮಾತ್ರ ಹೋಗಬೇಡಿ, ನಮ್ಮ ಕಡೆ ಹೆಚ್ಚಿನವು ಬಾಗಿಲು ಹಾಕಿರುತ್ತವೆ. "ಬಾಯ್ ಕಟ್" ಅನ್ನುವ ಬದಲು ನಂಬರ್ ಹೇಳಿ. ಮೆಷಿನ್ 2 ಅಂದರೆ ಸುಮಾರು 6 ಮಿಲಿಮೀಟರ್, 4 ಅಂದರೆ ಸುಮಾರು 13. "ಸೈಡ್, ಹಿಂದೆ 4, ಮೇಲೆ ಕತ್ತರಿ, ಕೃದ ಚೌಕ" ಅಂದರೆ ಅವರಿಗೂ ಸುಲಭ. ಕಿವಿ ಪಕ್ಕದ ಕೃದ ಚೌಕವಾಗಿದ್ದರೆ ಗಂಡಸರ ಕಟ್, ಚೂಪಾಗಿದ್ದರೆ ಹೆಂಗಸರದು. ಇಷ್ಟೇ ವ್ಯತ್ಯಾಸ.

ಬೆಳೆಸುವವರಿಗೆ ತಾಳ್ಮೆ ಬೇಕು. ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ ಬೆಳೆಯುತ್ತದೆ, ಅಷ್ಟೇ. ಯಾರಾದರೂ ಕೇಳಿದರೆ ತಿರುಪತಿಗೆ ಹರಕೆ ಅನ್ನಿ. ಒಂದು ವರ್ಷ ಯಾರೂ ಸುದ್ದಿಗೆ ಬರುವುದಿಲ್ಲ.

6. ಕಿವಿ, ಉಗುರು, ಕಾಡಿಗೆ

ಗಂಡಸರ ಕಿವಿಗೆ ನಮ್ಮಲ್ಲಿ ಹಳೆಯ ಪರವಾನಗಿ ಇದೆ. ಒಂಟಿ, ಹತ್ತಕಡಕು ಹಾಕಿದ ಅಜ್ಜಂದಿರ ಫೋಟೋ ಎಷ್ಟೋ ಮನೆಯ ಗೋಡೆ ಮೇಲಿದೆ. ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತು ಮುಚ್ಚಿದ್ದರೆ ಮತ್ತೆ ಚುಚ್ಚಿಸಿ. ಹಾಲೆ ಮಾಯಲು ಆರರಿಂದ ಎಂಟು ವಾರ, ಮೇಲಿನ ಗಟ್ಟಿ ಭಾಗಕ್ಕೆ ಆರು ತಿಂಗಳಿಗೂ ಹೆಚ್ಚು. ಚಿನ್ನ ಅಥವಾ ಟೈಟೇನಿಯಂ ಹಾಕಿಸಿ, ಗಿಲೀಟು ಬೇಡ.

ಉಗುರಿನ ಬಣ್ಣ ಕಾಲಿನಿಂದ ಶುರು ಮಾಡಿ. ಕೈಗೆ ಬಂದಾಗ ಮೊದಲು ಕಪ್ಪು ಅಥವಾ ಗಾಢ ನೀಲಿ, ಚಿಕ್ಕದಾಗಿ ಕತ್ತರಿಸಿದ ಉಗುರಿಗೆ. ಗಡ್ಡದ ಜೊತೆ ತೆಳುವಾಗಿ ಕಾಡಿಗೆ ಎಳೆದರೆ ಚೆಂದ ಕಾಣುವ ಗಂಡಸರು ಎಷ್ಟೋ ಜನ. ಒಂದು ಗೆರೆ ಸಾಕು.

ಹೆಂಗಸರಿಗೆ ತೊಂದರೆ ಉಲ್ಟಾ. ಹಾಕಿದ್ದಕ್ಕಿಂತ ಹಾಕದೇ ಇದ್ದದ್ದಕ್ಕೇ ಪ್ರಶ್ನೆ. "ಬೊಟ್ಟು ಎಲ್ಲಿ? ಕೈ ಯಾಕೆ ಬೋಳು ಬಿಟ್ಕೊಂಡಿದೀಯಾ?" ಇದಕ್ಕೆ ವಾದ ಮಾಡಿ ಗೆದ್ದವರಿಲ್ಲ. ಕೈಗೆ ದಪ್ಪ ಬೆಳ್ಳಿ ಕಡಗ, ಇನ್ನೊಂದಕ್ಕೆ ದೊಡ್ಡ ಡಯಲ್ ಗಡಿಯಾರ ಹಾಕಿಕೊಳ್ಳಿ. ಕೈ ಬೋಳಿಲ್ಲ, ಬಳೆಯೂ ಇಲ್ಲ. ಬೊಟ್ಟಿನ ಬದಲು ಒಂದು ಎಳೆ ವಿಭೂತಿ ಹಚ್ಚಿಕೊಂಡರೆ ಯಾವ ಅತ್ತೆಯೂ ಬಾಯಿ ತೆಗೆಯುವುದಿಲ್ಲ.

7. ಗುರುತುಗಳು: ಗೊತ್ತಿದ್ದವರಿಗೆ ಗೊತ್ತಾಗಲಿ

ಈಗ ಬ್ಯಾಡ್ಜ್ ವಿಷಯಕ್ಕೆ ಬರೋಣ. ಕಾಮನಬಿಲ್ಲಿನ ಬಾವುಟವನ್ನು ಗಿಲ್ಬರ್ಟ್ ಬೇಕರ್ 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದರು. ಆಗ ಎಂಟು ಬಣ್ಣ, ಈಗ ಬಳಕೆಯಲ್ಲಿರುವುದು ಆರು. ಅದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಂತೂ ಕ್ವೀರ್ ಸ್ವಾಭಿಮಾನದ (ಪ್ರೈಡ್) ತಿಂಗಳಾದ ಜೂನ್ ಬಂತೆಂದರೆ ಐಡಿ ಕಾರ್ಡಿನ ಟ್ಯಾಗೇ ಕಾಮನಬಿಲ್ಲಾಗುತ್ತದೆ. ಬೆಂಬಲಿಸುವವರೂ ಹಾಕುತ್ತಾರೆ, ಎಚ್‌ಆರ್ ಕೊಟ್ಟರು ಅಂತ ಹಾಕುವವರೂ ಇದ್ದಾರೆ. ಹಾಗಾಗಿ ಅದರಿಂದ ಈಗ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಸದ್ದಿಲ್ಲದೆ ಹೇಳಬೇಕೆಂದರೆ ಬೇರೆ ಬಣ್ಣಗಳಿವೆ. ಮೋನಿಕಾ ಹೆಲ್ಮ್ಸ್ 1999ರಲ್ಲಿ ಮಾಡಿದ ಟ್ರಾನ್ಸ್ ಬಾವುಟದ ತಿಳಿನೀಲಿ, ಗುಲಾಬಿ, ಬಿಳಿ. ಮೈಕಲ್ ಪೇಜ್ 1998ರಲ್ಲಿ ಮಾಡಿದ ಬೈಸೆಕ್ಶುಯಲ್ ಬಾವುಟದ ಗುಲಾಬಿ, ನೇರಳೆ, ನೀಲಿ. ನಿಮ್ಮ ಬಾವುಟದ ಮೂರು ಬಣ್ಣದ ನೂಲಿನಲ್ಲಿ ಕಫ್ ಮೇಲೆ ಒಂದು ಕಸೂತಿ ಗೋಪುರ ಹಾಕಿಸಿ. ಊರಿನವರಿಗೆ ಅದು ಕಸೂತಿ, ನಮ್ಮವರಿಗೆ ಪರಿಚಯಪತ್ರ. ಬೆಲ್ಟಿನ ಕೊಂಡಿಗೆ ಕ್ಯಾರಬೀನರ್ (ಹಗ್ಗಕ್ಕೆ ಹಾಕುವ ಲೋಹದ ಕೊಕ್ಕೆ) ಸಿಕ್ಕಿಸಿ ಬೀಗದ ಕೈ ನೇತುಹಾಕುವುದು ಲೆಸ್ಬಿಯನ್ನರ ಹಳೆ ಸಂಕೇತ. ಟ್ರೆಕ್ಕಿಂಗ್ ಹೋಗುವವರೂ ಹಾಗೇ ಮಾಡುತ್ತಾರೆ, ಸ್ವಲ್ಪ ಗೊಂದಲ ಆಗಬಹುದು, ಪರವಾಗಿಲ್ಲ.

ಪೂರ್ತಿ ಬಿಚ್ಚುಮನಸ್ಸಿನಿಂದ ಉಡಬೇಕು ಅಂದರೆ ನಮ್ಮ ಬೆಂಗಳೂರಿನ ಪ್ರೈಡ್ ಮೆರವಣಿಗೆ ಇದ್ದೇ ಇದೆ. 2008ರ ಜೂನ್‌ನಲ್ಲಿ ಶುರುವಾದದ್ದು, ಈಗ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಕ್ಯಾಮೆರಾಗಳು ಜಾಸ್ತಿ ಇರುತ್ತವೆ, ಪೇಪರಿನಲ್ಲಿ ಮುಖ ಬರಬಾರದು ಅನ್ನುವವರು ದೊಡ್ಡ ಕನ್ನಡಕ ಅಥವಾ ಮುಖವಾಡವನ್ನೇ ವೇಷದ ಭಾಗ ಮಾಡಿಕೊಳ್ಳಿ.

8. ರಸ್ತೆ, ಮೆಟ್ರೋ, ಕಾನೂನು

ಮೇಲೊಂದು ಪದರ ಇಟ್ಟುಕೊಳ್ಳಿ. ಗುಂಡಿ ಹಾಕಿದರೆ ಎಲ್ಲ ಮುಚ್ಚುವ ಓವರ್‌ಶರ್ಟ್, ಅಥವಾ ದೊಡ್ಡ ದುಪಟ್ಟ. ಆಟೋದಲ್ಲಿ ಮುಚ್ಚಿ, ಇಳಿದ ಮೇಲೆ ತೆಗೆಯಿರಿ. ಉಗುರಿನ ಬಣ್ಣ ಇರುವವರ ಬ್ಯಾಗಿನಲ್ಲಿ ರಿಮೂವರ್ ವೈಪ್ಸ್ ಇರಲಿ.

ಮೆಟ್ರೋದಲ್ಲಿ ತಪಾಸಣೆಗೆ ಹೆಂಗಸರ ಸಾಲು ಬೇರೆ. ನೋಡಿದರೆ ಯಾವ ಸಾಲಿನವರು ಅಂತ ತಿಳಿಯದಿದ್ದರೆ ಅಲ್ಲೇ ತಡೆಯುವುದು. ಯಾವ ಸಾಲು ಅಂತ ಮೊದಲೇ ನಿರ್ಧರಿಸಿ, ಹಿಂಜರಿಯದೆ ಹೋಗಿ. ಹಿಂಜರಿದವರನ್ನೇ ಕೇಳುತ್ತಾರೆ. ರೂಪ ತುಂಬಾ ಬದಲಾಗಿದ್ದರೆ ಆಧಾರ್ ಫೋಟೋವನ್ನು ಕೇಂದ್ರಕ್ಕೆ ಹೋಗಿ ಹೊಸದು ಮಾಡಿಸಿ, ವಿಮಾನ ನಿಲ್ದಾಣದಲ್ಲಿ ವಾದ ತಪ್ಪುತ್ತದೆ. ವಾಟ್ಸಾಪ್ ಡಿಪಿ ಮತ್ತು ಸ್ಟೇಟಸ್ ಯಾರಿಗೆ ಕಾಣುತ್ತದೆ ಅನ್ನುವ ಸೆಟ್ಟಿಂಗನ್ನು ಇವತ್ತೇ ನೋಡಿ. ಊರಿಗೆ ಸುದ್ದಿ ಮುಟ್ಟುವುದು ಅಲ್ಲಿಂದಲೇ.

ಕಾನೂನು ನಿಮ್ಮ ಕಡೆಗಿದೆ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಾನು ಗುರುತಿಸಿಕೊಂಡ ಲಿಂಗತ್ವವನ್ನು ಉಡುಗೆ, ಮಾತು, ನಡವಳಿಕೆಯ ಮೂಲಕ ತೋರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿದೆ. 2018ರ ಸೆಪ್ಟೆಂಬರ್ 6ರಂದು ಹಳೆ ಐಪಿಸಿಯ 377ನೇ ಸೆಕ್ಷನ್ ವಿಚಾರದಲ್ಲಿ, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಅಂತಲೂ ಆಗಿದೆ. ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ಅಡ್ಡ ಹಾಕಿದವನಿಗೆ ತೀರ್ಪು ಓದಿ ಹೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಮೊದಮೊದಲು ಜೊತೆಗೊಬ್ಬರು ಇರಲಿ. ಆದರೆ ಆಫೀಸಿನಲ್ಲಿ ಡ್ರೆಸ್ ಕೋಡ್ ಮಾತು ಬಂದಾಗ ಈ ತೀರ್ಪುಗಳು ಗೊತ್ತಿದ್ದರೆ ಮಾತಾಡುವ ಧೈರ್ಯ ಬರುತ್ತದೆ. ನಿಯಮವನ್ನು ಬರವಣಿಗೆಯಲ್ಲಿ ಕೇಳಿ. "ಫಾರ್ಮಲ್ಸ್" ಅಂತಷ್ಟೇ ಇದ್ದರೆ ನಿಮ್ಮ ಶರ್ಟು, ನಿಮ್ಮ ಸೀರೆ ಎರಡೂ ಫಾರ್ಮಲ್ಸೇ.

9. ಮದುವೆ ಮನೆ

ಎಲ್ಲಕ್ಕಿಂತ ಕಷ್ಟದ ಜಾಗ ಇದೇ. ಇಡೀ ಬಳಗ ಒಂದೇ ಕಲ್ಯಾಣ ಮಂಟಪದಲ್ಲಿರುತ್ತದೆ, ಫೋಟೋಗ್ರಾಫರ್ ಬೇರೆ. ಇಲ್ಲಿ ಒಂದೇ ಉಪಾಯ: ಬಟ್ಟೆ ಎಷ್ಟು ದುಬಾರಿಯಾಗಿ, ಅಚ್ಚುಕಟ್ಟಾಗಿ ಕಾಣಬೇಕೆಂದರೆ ಜನ ಮೊದಲು ರೇಷ್ಮೆಯ ರೇಟು ಕೇಳಬೇಕು. ಹೆಂಗಸರು ಗಾಢ ಬಣ್ಣದ ರೇಷ್ಮೆಯ ಬಂದ್‌ಗಲಾ, ಕೆಳಗೆ ನೇರ ಪ್ಯಾಂಟು ಹಾಕಬಹುದು. ಅಷ್ಟು ಬೇಡ ಅಂದರೆ ಮೈಸೂರು ಸಿಲ್ಕ್ ಸೀರೆಗೆ ಕಾಲರ್ ಇರುವ ತುಂಬು ತೋಳಿನ ಕುಪ್ಪಸ. ಗಂಡಸರು ಅಗಲ ಜರಿಯ ಪಂಚೆ, ಖಣದ ಜಾಕೆಟ್, ಇಳಕಲ್ ಶಲ್ಯ, ಕಿವಿಗೆ ಒಂಟಿ ಹಾಕಿದರೆ ಹಿರಿಯರು ಸಂಪ್ರದಾಯಸ್ಥ ಹುಡುಗ ಅಂತ ಹೊಗಳುವುದೂ ಉಂಟು. ಸುಮ್ನೆ ನಕ್ಕು ಊಟಕ್ಕೆ ಹೋಗಿ.

ದೀಪಾವಳಿ ಮುಗಿದು ಲಗ್ನ ಶುರುವಾದರೆ ಟೈಲರುಗಳು ಹೊಸ ಆರ್ಡರ್ ಹಿಡಿಯುವುದಿಲ್ಲ. ಬಂದ್‌ಗಲಾಕ್ಕೆ ಕನಿಷ್ಠ ಎರಡು ಟ್ರಯಲ್ ಬೇಕು, ಒಂದೂವರೆ ತಿಂಗಳು ಮುಂಚೆಯೇ ಬಟ್ಟೆ ಕೊಡಿ. ಕೊಡುವಾಗ ಒಳಜೇಬು ಇಡಿ ಅಂತ ಹೇಳುವುದನ್ನು ಮರೆಯಬೇಡಿ, ಮುಯ್ಯಿ ಕವರ್ ಹೊರಗಿನ ಜೇಬಿನಲ್ಲಿ ಹಿಡಿಸುವುದಿಲ್ಲ.